ಅಮೀನರ ಕೈಲಿ ಕೊಟ್ಟ ಜವಾಬು

ನಮ್ಮ ಕಡೆ ಪ್ರತಿವಾದಿಯೊಬ್ಬ ಕೋರ್ಟಿನ ವಾಯಿದೆ ತಪ್ಪಿಸಿದನೆಂದರೆ ಅವನಿಗೆ ಜ್ವರ ಬಂದಿರಲೇಬೇಕು. ಕಾಲು ಉಳುಕುವುದಿಲ್ಲ, ಹಲ್ಲು ನೋಯುವುದಿಲ್ಲ, ಜ್ವರವೇ ಬರಬೇಕು. ಹಾಗೆಂದು ಪ್ರಮಾಣಪತ್ರ ಬರೆದುಕೊಟ್ಟರೆ, ತಡವಾದ ಜವಾಬನ್ನು ತೆಗೆದುಕೊಳ್ಳುವುದೂ ಬಿಡುವುದೂ ಮುನ್ಸೀಫರ ವಿವೇಚನೆ. ಅರವತ್ಮೂರನೇ ಇಸವಿಯಲ್ಲಿ ಬಂದ ಹೊಸ ಮುನ್ಸೀಫರಿಗೆ ಮಾತ್ರ ಜ್ವರವೆಂದರೆ ಆಗುತ್ತಿರಲಿಲ್ಲ. ಕನ್ನಡಕದ ಮೇಲಿಂದ ನೋಡಿ, "ಮತ್ತೆ ಜ್ವರವೋ?" ಎಂದು ಅರ್ಜಿಯನ್ನು ಪಕ್ಕಕ್ಕೆ ಸರಿಸಿಬಿಡುತ್ತಿದ್ದರು. ನಾವು ವಕೀಲರು ಹೊಟ್ಟೆಪಾಡಿಗೆ ಏನು ಮಾಡಬೇಕು ಹೇಳಿ!

ಇಂಥ ಹೊತ್ತಿನಲ್ಲಿ ಸಾಗರದ ಪೇಟೆಯಲ್ಲಿದ್ದ ನನ್ನ ಆಫೀಸಿಗೆ ಗುತ್ಯಮ್ಮ ಬಂದಳು. ಕೆಳದಿ ಕಡೆಯ ಹಳ್ಳಿಯವಳು. ಆಕೆಯ ಮನೆಯಿಂದ ಊರ ಬಾವಿಗೆ ಹೋಗುವ ಕಾಲುದಾರಿ ನೆರೆಮನೆಯ ದುಗ್ಗಪ್ಪನ ಹಿತ್ತಲಿನಲ್ಲಿ ಹಾದುಹೋಗುತ್ತದೆ. ಅಲ್ಲಿ ಆಕೆ ಕಾಲಿಡಬಾರದೆಂದು ದುಗ್ಗಪ್ಪ ದಾವಾ ಹಾಕಿದ್ದ. ಗುತ್ಯಮ್ಮ ಗಡುವಿನೊಳಗೆ ಜವಾಬು ಸಲ್ಲಿಸಲಿಲ್ಲ, ಕೋರ್ಟಿನ ಕಡೆ ತಲೆಯನ್ನೂ ಹಾಕಲಿಲ್ಲ. ಆಕೆಯನ್ನು ಬಿಟ್ಟು ಏಕಪಕ್ಷೀಯವಾಗಿ ಕೇಸು ನಡೆಸಲು ಆರ್ಡರಾಯಿತು. ಗೆದ್ದೇಬಿಟ್ಟೆನೆಂದು ದುಗ್ಗಪ್ಪ ಬೇಲಿಯನ್ನೂ ಕಟ್ಟಿದ. ಈಗ ಈ ಅರವತ್ತರ ಹೆಂಗಸು ಗುಡ್ಡ ಸುತ್ತಿ ನೀರು ಹೊರುತ್ತಿದ್ದಳು. ಆ ಆರ್ಡರು ರದ್ದು ಮಾಡಿಸಲು ನಾನು ಹಾಕುವ ಅರ್ಜಿ ಬಿದ್ದುಹೋದರೆ ಕೈಕಾಲು ನಡೆಯುವವರೆಗೂ ಹೊರಬೇಕು.

"ಯಾಕಮ್ಮ ಜವಾಬು ಕೊಡ್ಲಿಲ್ಲ?" ಎಂದೆ.

"ಕೊಟ್ಟೀನಲ್ರೀ!"

"ಯಾರ ಹತ್ರ?"

"ಕೋರ್ಟಿನ ಕಾಗ್ದ ತಂದ ಅಮೀನ್ರ ಹತ್ರ. 'ಇದಕ್ಕೆ ಜವಾಬು ಕೊಡ್ಬೇಕು ಗುತ್ಯಮ್ಮ' ಅಂದ್ರು. ಅಲ್ಲೇ ಜಗಲಿ ಮೇಲೆ ಕೂರ್ಸಿ, ಬೆಲ್ಲ ನೀರು ಕೊಟ್ಟು, ಪೂರಾ ಜವಾಬು ಹೇಳಿ ಕಳ್ಸೀನಿ. ಒಂದು ಮಾತೂ ಬಿಟ್ಟಿಲ್ಲ."

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. "ಇದನ್ನ ಹೇಳಿದ್ರೆ ಕೋರ್ಟಲ್ಲಿ ನಗ್ತಾರೆ. ಜ್ವರ ಅಂತ ಬರೀತೀನಿ, ಹೆಬ್ಬೆಟ್ಟು ಒತ್ತು."

"ಇಲ್ಲದ ಜ್ವರನ ಬಾ ಅಂತ ಕರೀಬಾರ್ದು ವಕೀಲ್ರೇ. ಕರೆದ್ರೆ ಬಂದೇ ಬರತ್ತೆ. ಬೇಕಾದ್ರೆ ನೀವೇ ಬರ್ಸ್ಕಳ್ಳಿ."

ಸಿಟ್ಟೂ ಬಂತು, ನಗುವೂ ಬಂತು. ಎಷ್ಟು ಹೇಳಿದರೂ ಆಕೆ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಆಕೆ ಹೇಳಿದ್ದನ್ನೇ ಬರೆದು, ಜವಾಬನ್ನೂ ಜೊತೆಗಿಟ್ಟು ಸಲ್ಲಿಸಿದೆ. ಮಾನ ಹೋಗುವುದು ಖಂಡಿತ ಎಂದುಕೊಂಡೇ ಕೋಟು ಹಾಕಿಕೊಂಡೆ.

ದುಗ್ಗಪ್ಪನ ವಕೀಲರು ವಿಘ್ನೇಶ್ವರ ಭಟ್ಟರು. ನನ್ನ ಪಾಲಿಗೆ ಅವತ್ತು ಬರೀ ವಿಘ್ನವಾಗಿ ಎದ್ದು ನಿಂತರು. "ಅಮೀನರಿಗೆ ಬಾಯಲ್ಲಿ ಹೇಳಿ ಕಳಿಸಿದ್ದೇ ಜವಾಬಾದರೆ ಕಾಯಿದೆ ಪುಸ್ತಕ ಯಾಕೆ ಬೇಕು ಸ್ವಾಮಿ?" ಎಂದರು. ಎಲ್ಲರೂ ನಕ್ಕರು. ಮುನ್ಸೀಫರು ನಗಲಿಲ್ಲ. ಬಾಗಿಲ ಬಳಿ ನಿಂತಿದ್ದ ಅಮೀನ ನಾರಾಯಣಮೂರ್ತಿಯನ್ನು ಹತ್ತಿರ ಕರೆದರು.

"ಸಮನ್ಸ್ ಕೊಡಲು ಹೋದಾಗ ಈಕೆ ಏನಾದರೂ ಹೇಳಿದ್ದುಂಟೋ?"

"ಉಂಟು ಸ್ವಾಮಿ. ಆದ್ರೆ ಎಲ್ಲಾ ಇಲ್ಲಿ ಹೇಳೋ ಹಾಗಿಲ್ಲ."

"ಬೈಗುಳ ಬಿಟ್ಟು ಉಳಿದದ್ದು ಹೇಳಿ."

ನಾರಾಯಣಮೂರ್ತಿ ಅಕ್ಕಿಯಲ್ಲಿ ಕಲ್ಲು ಆರಿಸುವವನಂತೆ ಬೈಗುಳಗಳನ್ನು ಬದಿಗಿಟ್ಟು ಹೇಳಿದ. "'ಈ ದುಗ್ಗ ಹುಟ್ಟಿದ ದಿನ ಅವನನ್ನ ಮೀಸೋಕೆ ನೀರು ಹೊತ್ತೋಳು ನಾನು, ಅದೇ ದಾರೀಲಿ. ಇವತ್ತಿನವರೆಗೂ ಅಲ್ಲೇ ಹೊರ್ತಿದೀನಿ. ದಾರಿ ಇಲ್ಲ ಅಂದ್ರೆ ಆ ನೀರು ವಾಪಸ್ ಕೊಡ್ಲಿ' ಅಂದ್ಳು ಸ್ವಾಮಿ."

ಈ ಸಲ ಮುನ್ಸೀಫರೂ ನಕ್ಕುಬಿಟ್ಟರು. "ವಾದಿಯ ವಯಸ್ಸೆಷ್ಟು?" ಎಂದು ಕೇಳಿದರು.

ದುಗ್ಗಪ್ಪ ಹಿಂದಿನ ಬೆಂಚಿನಿಂದ ಎದ್ದ. "ನಲ್ವತ್ತರ ಹತ್ರ ಸ್ವಾಮಿ."

ಭಟ್ಟರ ಮುಖ ಸಪ್ಪಗಾಯಿತು. ಇಪ್ಪತ್ತು ವರ್ಷ ಅಡ್ಡಿಯಿಲ್ಲದೆ ನಡೆದ ದಾರಿಗೆ ಹಕ್ಕು ಹುಟ್ಟುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ದಾರಿ ಯಾರದೆಂದು ಈಗ ತೀರ್ಮಾನಿಸುತ್ತಿಲ್ಲ," ಎಂದರು ಮುನ್ಸೀಫರು. "ಆದರೆ ಈಕೆ ಜವಾಬು ಕೊಡಲು ತಡ ಮಾಡಿಲ್ಲ, ಬರೆಸಲು ತಡ ಮಾಡಿದ್ದಾಳೆ. ಕಾರಣ ಒಪ್ಪುವಂಥದ್ದು. ಹಿಂದಿನ ಆರ್ಡರು ರದ್ದು, ಜವಾಬನ್ನು ತೆಗೆದುಕೊಳ್ಳಲಾಗಿದೆ."

ನನಗಾದ ಖುಷಿ ಅಷ್ಟಿಷ್ಟಲ್ಲ. ಎಷ್ಟೋ ಜ್ವರಗಳು ಮಾಡಲಾಗದ್ದನ್ನು ಒಂದು ನಿಜ ಮಾಡಿತ್ತು.

ಕೋರ್ಟಿನ ಜಗಲಿಗೆ ಬಂದರೆ ದುಗ್ಗಪ್ಪ ಎದುರಿಗೇ ನಿಂತಿದ್ದ. ಜಗಳಕ್ಕೇ ಬಂದ ಎಂದುಕೊಂಡೆ. ಅವನು ಹೆಗಲ ಮೇಲಿನ ಟವೆಲ್ಲನ್ನು ಕೈಗೆ ತೆಗೆದುಕೊಂಡ.

"ಗುತ್ಯಕ್ಕ, ನೀ ನೀರು ಹೊತ್ತಿದ್ದು ನಂಗೆ ಗೊತ್ತೇ ಇರ್ಲಿಲ್ಲ."

"ಮನೆಗೆ ಬಂದು ಕೇಳಿದ್ರೆ ಹೇಳ್ತಿದ್ದೆ. ನೀ ಕೋರ್ಟಿಗೆ ಬಂದೆ."

ದುಗ್ಗಪ್ಪನ ಕಣ್ಣು ತುಂಬಿಬಂತು. ನಿಜ ಹೇಳಬೇಕೆಂದರೆ ನನ್ನದೂ. "ಕೇಸು ಬ್ಯಾಡ ನಂಗೆ," ಎಂದ. "ವಾಪಸ್ ತಗೋತೀನಿ. ಬೇಲಿ ನಾಳೆ ಕೀಳ್ತೀನಿ."

"ನಾಳೆ ಎಂತಕ್ಕೆ?" ಎಂದು ಗುತ್ಯಮ್ಮ ಸೊಂಟಕ್ಕೆ ಕೈಕೊಟ್ಟಳು. "ಸಂಜೆ ಅನ್ನಕ್ಕೆ ನೀರು ಬ್ಯಾಡ್ವನಾ? ವಾಯ್ದೆ ಗೀಯ್ದೆ ಎಲ್ಲಾ ಆ ಸ್ವಾಮೇರು ಕೊಡ್ತಾರೆ. ನಾ ಕೊಡೋದಿಲ್ಲ!"

ದುಗ್ಗಪ್ಪ ಟವೆಲ್ಲನ್ನು ಹೆಗಲಿಗೆಸೆದು ಕೆಳದಿ ಬಸ್ಸು ಹಿಡಿಯಲು ಓಡಿದ.