ಪಕ್ಕದ ಸೀಟಿನ ಬ್ರೇಕ್

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲಡಿಯೂ ಒಂದು ಬ್ರೇಕ್ ಇರುತ್ತದೆ. ಇಪ್ಪತ್ತೆರಡು ವರ್ಷ ಅದನ್ನು ತುಳಿದು ತುಳಿದು ಟೀಚರಮ್ಮನ ಬಲಮಂಡಿ ಸವೆದುಹೋಗಿತ್ತು. ಮೂರು ತಿಂಗಳಿಂದ ನೋವನ್ನು ಯಾರಿಗೂ ಹೇಳದೆ ಹಲ್ಲುಕಚ್ಚಿ ದಿನ ತಳ್ಳುತ್ತಿದ್ದಳು.

ಆ ಸಂಜೆ, ದಿನದ ಏಳನೆಯ ಪಾಠ ಸ್ವಂತ ಅಕ್ಕನಿಗೆ. ಭಾವನ ಕಣ್ಣು ಮಂಜಾದ ಮೇಲೆ ಆಸ್ಪತ್ರೆಗೆ ಕರೆದೊಯ್ಯಲು ಬೇರೆ ದಿಕ್ಕಿಲ್ಲದೆ, ಐವತ್ತನಾಲ್ಕನೆಯ ವಯಸ್ಸಿನಲ್ಲಿ ಅಕ್ಕ ಸ್ಟೀರಿಂಗ್ ಹಿಡಿದಿದ್ದಳು.

"ಬೆಲ್ಟ್ ಹಾಕ್ಕೋ ಅಕ್ಕ."

"ಎರಡು ಬೀದಿ ಸುತ್ತೋಕೆ ಅದ್ಯಾಕೆ ಪುಟ್ಟಿ? ಕುತ್ತಿಗೆ ಒತ್ತುತ್ತೆ."

"ಕುತ್ತಿಗೆ ಮೇಲಲ್ಲ, ಭುಜದ ಮೇಲೆ ಬರಬೇಕು. ಕೆಳಗಿನ ಪಟ್ಟಿ ಹೊಟ್ಟೆ ಬಿಟ್ಟು ಸೊಂಟದ ಮೂಳೆ ಮೇಲೆ. ಹಾಕ್ಕೊಳ್ಳೋವರೆಗೂ ಕೀಲಿ ಕೊಡಲ್ಲ."

ದಿನಕ್ಕೆ ಏಳು ಸಲ ಆಡುವ ಮಾತು. ಆಡಿ ಆಡಿ ನಾಲಿಗೆಯೇ ಸಪ್ಪೆಯಾಗಿತ್ತು.

ಅಕ್ಕ ಬ್ರೇಕ್ ಮುಟ್ಟುವುದು ಮಲಗಿದ ಮಗುವನ್ನು ಮುಟ್ಟಿದಂತೆ. "ಸವರಬೇಡ, ತುಳಿ," ಎಂದು ಹೇಳಿ ಸಾಕಾಗಿ ಟೀಚರಮ್ಮನೇ ತುಳಿಯುತ್ತಿದ್ದಳು.

ಬೇಕರಿಯ ಮೂಲೆ ದಾಟುತ್ತಲೇ ಗಲ್ಲಿಯೊಳಗಿಂದ ತಳ್ಳುಗಾಡಿಯೊಂದು ಅಡ್ಡ ಬಂತು. ಟೀಚರಮ್ಮ ಕಾಲೆತ್ತಿದಳು. ಮಂಡಿ ಹಿಡಿದುಕೊಂಡಿತು, ಪಾದ ಪೆಡಲಿನವರೆಗೆ ಹೋಗಲೇ ಇಲ್ಲ.

ಕಾರು ಕಿರ್ರೆಂದು ನಿಂತಿತು. ಮುಂದಕ್ಕೆ ಮುಗ್ಗರಿಸಿದ ಇಬ್ಬರನ್ನೂ ಬೆಲ್ಟುಗಳು ಬಿಗಿಹಿಡಿದವು. ಗಾಡಿಗೂ ಕಾರಿಗೂ ನಡುವೆ ಮೊಳದಷ್ಟು ಜಾಗ. ಗಾಡಿಯವನು ಇವರನ್ನು ದಿಟ್ಟಿಸಿ, ಏನೋ ಗೊಣಗಿಕೊಂಡು ಹೊರಟುಹೋದ.

"ಸದ್ಯ, ನೀನು ತುಳಿದೆ," ಎಂದಳು ಅಕ್ಕ, ಭುಜ ನೀವಿಕೊಳ್ಳುತ್ತ.

"ನಾನಲ್ಲ, ನೀನೇ. ನನ್ನ ಕಾಲು ಬರಲೇ ಇಲ್ಲ."

ಅಕ್ಕ ಬಗ್ಗಿ ನೋಡಿದಳು. ಅವಳ ಪಾದ ಇನ್ನೂ ಪೆಡಲನ್ನು ಒತ್ತಿಯೇ ಇತ್ತು. ತಂಗಿಯ ಊದಿದ ಮಂಡಿಯ ಮೇಲೆ ಕೈಯಿಟ್ಟು ಅಕ್ಕ ಕೇಳಿದಳು, "ಎಷ್ಟು ದಿನದಿಂದ ಹೀಗೆ?"

ಮರುದಿನ ವಿಷಯ ತಿಳಿಸಿದಾಗ ಸ್ಕೂಲಿನ ಮಾಲೀಕ, "ಎರಡು ದಿನ ರೆಸ್ಟ್ ತಗೊಳ್ಳಿ, ಸರಿಹೋಗುತ್ತೆ," ಎಂದ.

"ಬ್ರೇಕ್ ಸವೆದ ಕಾರನ್ನ ರಸ್ತೆಗೆ ಬಿಡ್ತೀರಾ ಸಾರ್? ನನ್ನನ್ನೂ ಬಿಡಬೇಡಿ."

ಅಂದಿನಿಂದ ಅವಳು ಕೋಣೆಯಲ್ಲಿ ಕೂತು ರಸ್ತೆಯ ನಿಯಮಗಳನ್ನು ಕಲಿಸುತ್ತಾಳೆ. ಸಂಬಳ ಕಡಿಮೆ, ಸುಸ್ತೇನೂ ಕಡಿಮೆಯಿಲ್ಲ. ಅಕ್ಕ ಬೇರೊಬ್ಬರ ಬಳಿ ಪಾಠ ಮುಗಿಸಿ, ಎರಡನೆಯ ಪ್ರಯತ್ನದಲ್ಲಿ ಪರೀಕ್ಷೆ ಪಾಸಾದಳು.

ಭಾವನನ್ನು ಕೂರಿಸಿಕೊಂಡು ಅಕ್ಕ ಮೊದಲ ಸಲ ಆಸ್ಪತ್ರೆಗೆ ಹೊರಟಾಗ ಟೀಚರಮ್ಮ ಹಿಂದಿನ ಸೀಟಿನಲ್ಲಿದ್ದಳು. ಎರಡನೆಯ ಸಿಗ್ನಲ್ ದಾಟುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು.

"ಕಲಿಸಿದವಳೇ ಗೊರಕೆ ಹೊಡೀತಿದ್ದಾಳೆ. ಇನ್ನು ನಾನು ಧೈರ್ಯವಾಗಿ ಕೂತ್ಕೋಬಹುದು," ಎಂದರು ಭಾವ.

"ಮೆಲ್ಲಗೆ ಮಾತಾಡಿ," ಎಂದಳು ಅಕ್ಕ, ರಸ್ತೆಯಿಂದ ಕಣ್ಣು ತೆಗೆಯದೆ.