ಮಧುಶ್ರೀ ಹೇಳಿದ್ದು

ಗರಾಜಿನ ಬಾಗಿಲು ಏಳುವ ಸದ್ದು ಕೇಳಿದಾಗ ಇಂದುಮತಿ ದೋಸೆಹಿಟ್ಟಿಗೆ ಉಪ್ಪು ಬೆರೆಸುತ್ತಿದ್ದಳು. ಕೈ ತೊಳೆಯಲು ನಲ್ಲಿ ತಿರುಗಿಸಿದವಳು, ಅಪ್ಪ-ಮಗಳ ದನಿ ಕೇಳೀತೆಂದು ಮತ್ತೆ ನಿಲ್ಲಿಸಿದಳು. ಕಾರಿನ ಬಾಗಿಲುಗಳು ಒಂದರ ಹಿಂದೊಂದು ಮುಚ್ಚಿಕೊಂಡವು, ಅಷ್ಟೆ.

ಹ್ಯೂಸ್ಟನ್‌ಗೆ ಹೋಗೋಣವೆಂದದ್ದು ಗಂಡ ಜಯಂತನೇ. ಮಗಳು ಸಿಯಾಗೆ ಆಸ್ಟಿನ್‌ನಲ್ಲಿ, ಅವಳು ಬಯಸಿದ್ದ ಆರ್ಕಿಟೆಕ್ಚರ್ ಸೀಟು ಸಿಕ್ಕಿತ್ತು. ಮನೆಗೆ ಹತ್ತಿರ, ಡಾಲಸ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಕೂಡ. ಎರಡರಲ್ಲೊಂದಕ್ಕೆ ಒಪ್ಪಿಗೆ ಕೊಡಲು ನಾಳೆಯೇ ಕೊನೆ. ಐದು ವರ್ಷ ಓದಿ, ತಾನು ಸಾಫ್ಟ್‌ವೇರಿಗೆ ಸೇರಿದ ಹೊಸತರಲ್ಲಿ ತಂದಷ್ಟೂ ಸಂಬಳ ತರದ ಕೆಲಸವೇಕೆ ಎಂದು ಅವನು ತಿಂಗಳಿಂದ ಹೇಳುತ್ತಲೇ ಇದ್ದ. ಅಪ್ಪನ ಮಾತು ಬೇಡವಾದರೆ, ಆ ಕೆಲಸ ಮಾಡಿ ಸಾಕಾದವಳ ಬಾಯಿಂದಲೇ ಕೇಳಲಿ ಎಂದು ಅಲ್ಲಿರುವ ಗೆಳೆಯನ ಮಗಳು ಮಧುಶ್ರೀಯ ಬಳಿಗೆ ಕರೆದೊಯ್ದಿದ್ದ. ಆರ್ಕಿಟೆಕ್ಟ್ ಆಗಿ ಹನ್ನೊಂದು ವರ್ಷ, ಇನ್ನೂ ಬಾಡಿಗೆ ಮನೆ, ಹಳೇ ಕಾರು. ಬೇಡವೆನ್ನಲು ಇಂದುಮತಿಗೆ ಬಾಯಿ ಬಂದಿರಲಿಲ್ಲ. ಸಿಯಾ ಹಟ ಮಾಡುವವಳಲ್ಲ, ಸುಮ್ಮನೆ ಒಪ್ಪಿಬಿಡುತ್ತಾಳೆ. ಇಂದುಮತಿಯ ಹೆದರಿಕೆಯೂ ಅದೇ.

"ಅಮ್ಮಾ, ಐಯಾಮ್ ಸ್ಟಾರ್ವಿಂಗ್" ಎನ್ನುತ್ತ ಸಿಯಾ ಕೈಕಾಲು ತೊಳೆಯಲು ಹೋದಳು. ಮುಖದಿಂದ ಏನೂ ತಿಳಿಯಲಿಲ್ಲ.

ಜಯಂತ ಕುರ್ಚಿ ಎಳೆದು ಕುಳಿತ. "ಸಂಬಳದ ಮಾತು ಒಂದೇ ನಿಮಿಷಕ್ಕೆ ಮುಗೀತು ಇಂದೂ. ಕಮ್ಮಿ ಅಂಕಲ್, ಅಂದ್ಲು, ನಗ್ತಾ ನಗ್ತಾ. ನಾನು ಅಂದ್ಕೊಂಡಿದ್ದಕ್ಕಿಂತಲೂ ಕಮ್ಮಿ."

"ಆಮೇಲೆ?"

"ಆಮೇಲೆ ನಲವತ್ತು ನಿಮಿಷ ಒಂದು ಕಿಟಕಿ ಬಗ್ಗೆ ಹೇಳಿದ್ಲು. ಯಾವುದೋ ಆಸ್ಪತ್ರೇದು. ಮಲಗಿರೋ ಪೇಶೆಂಟಿಗೆ ಮರ ಕಾಣಲಿ ಅಂತ, ಒಂದಡಿ ಕೆಳಗಿಳಿಸೋಕೆ ಎರಡು ತಿಂಗಳು ಜಗಳ ಆಡಿದ್ಲಂತೆ. ಇವಳು ಬಾಯಿ ಬಿಟ್ಕೊಂಡು ಕೇಳ್ತಿದ್ಲು." ಅವನು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. "ನನ್ನ ಕೆಲಸದ ಬಗ್ಗೆ ನಾನು ಯಾವತ್ತಾದ್ರೂ ನಿನ್ನ ಹತ್ರ ನಲವತ್ತು ನಿಮಿಷ ಮಾತಾಡಿದ್ದೀನಾ?"

"ಬೈಕೊಂಡಿದ್ದೀರಿ" ಎಂದಳು ಇಂದುಮತಿ. "ಎರಡೆರಡು ಗಂಟೆ."

ಅವನಿಗೆ ನಗು ಬಂತು.

ಊಟವಾದ ಮೇಲೆ ಸಿಯಾ ಯಾರೂ ಹೇಳದೆಯೇ ಲ್ಯಾಪ್‌ಟಾಪ್ ತಂದು ಡಾಲಸ್ ಕಾಲೇಜಿನ ಪುಟ ತೆರೆದಳು. ತೊಳೆಯುತ್ತಿದ್ದ ಸೌಟು ಇಂದುಮತಿಯ ಕೈಯಲ್ಲೇ ಉಳಿಯಿತು.

"ಅದಲ್ಲ ಪುಟ್ಟಿ" ಎಂದ ಜಯಂತ. "ಆಸ್ಟಿನ್‌ದು ತೆಗಿ."

ಸಿಯಾ ಅಮ್ಮನನ್ನು ನೋಡಿದಳು, ಆಮೇಲೆ ಅವನನ್ನು. "ಆರ್ ಯೂ ಶೂರ್, ಅಪ್ಪ?"

"ಶೂರ್ ಇಲ್ಲ. ಆದ್ರೂ ಒತ್ತು."

ಪುಟ ಬದಲಿಸಿ ಒಪ್ಪಿಗೆಯ ಗುಂಡಿ ಒತ್ತಿದಳು. ಪರದೆಯ ತುಂಬ ಅಭಿನಂದನೆಯ ಬಣ್ಣದ ಕಾಗದದ ಚೂರುಗಳು ಉದುರತೊಡಗಿದವು. ಇಂದುಮತಿ ಕುರ್ತಾಕ್ಕೇ ಕೈಯೊರೆಸಿಕೊಂಡು ಬಂದು ಮಗಳ ಕುರ್ಚಿಯ ಹಿಂದೆ ನಿಂತಳು. ಕೊನೆಯ ಚೂರು ಕೆಳಗಿಳಿಯುವವರೆಗೂ ಜಯಂತ ಪರದೆಯಿಂದ ಕಣ್ಣು ತೆಗೆಯಲಿಲ್ಲ.