ಹೊಕ್ಕಿಲ್ಲದ ಎಲೆ

ನೆನಪಿಗೆಂದು ಕೋವೈ ಪೇಟೆಯಲ್ಲಿ ಮಾರುವ, ಗಿಂಕ್ಗೊ ಮರದೆಲೆಯ ಮಾತ್ರೆ ತಿಂಗಳಿಗೆ ಒಂಬೈನೂರು ರೂಪಾಯಿ. ಅದೇ ಮರದ ಒಣಗಿದ ಎಲೆ ಚೀಲಕ್ಕೆ ಇನ್ನೂರು, ಊಟಿಗೆ ಹೋಗಿಬರುವ ಬಸ್ಸಿಗೆ ನೂರೈವತ್ತು. ಚೀಲ ಮೂರು ತಿಂಗಳಿಗೆ ಬರುತ್ತದೆ. ಸಿರುಮುಗೈಯ ನೇಕಾರ ಗೋಪಾಲಸಾಮಿ ಎಲೆಯನ್ನೇ ಆರಿಸಿಕೊಂಡ. ನೂಲು ಕೊಳ್ಳುವಾಗ ಒಂದು ದಿನವೂ ಲೆಕ್ಕ ತಪ್ಪಿದವನಲ್ಲ.

ಹೆಂಡತಿ ರುಕ್ಮಣಿಗೆ ಮರೆವು ಶುರುವಾಗಿ ಎರಡು ವರ್ಷ. ಮೊದಲು ಸೀರೆಯಂಚಿನ ಎಳೆ ಎಣಿಕೆ ಹೋಯಿತು, ಆಮೇಲೆ ಒಲೆ ಆರಿಸುವುದು, ಈ ಯುಗಾದಿ ಹೊತ್ತಿಗೆ ಗಂಡನ ಗುರುತು. ಮಕ್ಕಳಿಲ್ಲದ ಮನೆ. ಹೊರಗೆಲ್ಲ ತಮಿಳಿನಲ್ಲೇ ವ್ಯವಹಾರ. ಮನೆಯ ಕನ್ನಡ ಆಡಲು ಅವನಿಗಿದ್ದವಳು ಇವಳೊಬ್ಬಳೇ. ಮದುವೆಯಾದಾಗಿನಿಂದ ಕರೆಯುತ್ತಿದ್ದಂತೆ ಇನ್ನೊಂದು ಸಲ ಅವಳು ತನ್ನನ್ನು "ಮಾವ" ಎಂದು ಕರೆಯಬೇಕು, ಅಷ್ಟೇ ಅವನ ಆಸೆ.

ಎಲೆ ಕೊಟ್ಟವನು ಊಟಿಯ ಬಂಗಲೆಯೊಂದರ ತೋಟಗಾರ ಕುಪ್ಪಸಾಮಿ. ಇದು ಚೀನಾದ ಮರ, ಇದರ ನೆಂಟಮರಗಳೆಲ್ಲ ಸತ್ತು ಎಷ್ಟೋ ಲಕ್ಷ ವರ್ಷವಾಯಿತು ಎಂದ. ಗಂಡುಮರ ಬೇರೆ, ಹೆಣ್ಣುಮರ ಬೇರೆ; ಬಂಗಲೆಯದು ಗಂಡು. ಹೆಣ್ಣಿದ್ದಿದ್ದರೆ ಕಾಯಿ ಬಿದ್ದು ಕೊಳೆತು ನಾರುತ್ತಿತ್ತು, ಒಂಟಿಯಾಗಿರುವುದೇ ವಾಸಿ ಎಂದು ನಕ್ಕ. ಗೋಪಾಲಸಾಮಿಗೆ ನಗು ಬರಲಿಲ್ಲ. ಬೀಸಣಿಗೆಯಂಥ ಎಲೆಯೊಂದನ್ನು ಬಿಸಿಲಿಗೆ ಹಿಡಿದ. ನರಗಳೆಲ್ಲ ತೊಟ್ಟಿನಿಂದ ಹೊರಟು, ಎರಡೆರಡಾಗಿ ಸೀಳುತ್ತ ಅಂಚಿಗೆ ಹೋಗಿದ್ದವು. ಅಡ್ಡಕ್ಕೆ ಒಂದೂ ಇಲ್ಲ. ಬರೀ ಉದ್ದೆಳೆಯ ಹಾಸು, ಅಡ್ಡೆಳೆಯ ಹೊಕ್ಕಿಲ್ಲ. ಇಂಥದ್ದು ಇಷ್ಟು ಕಾಲ ಹೇಗೆ ತಡೆಯಿತೋ ಎಂದುಕೊಂಡ.

ದಿನಕ್ಕೊಂದು ಲೋಟ ಕಷಾಯ ಕುಡಿಸಿದ. ಇಪ್ಪತ್ತನೆಯ ದಿನ ರುಕ್ಮಣಿ ತಾನಾಗಿ ಮಗ್ಗದ ಬಳಿ ಬಂದು, ಹರಿದ ಎಳೆಯೊಂದನ್ನು ಹೊಸೆದು ಕೂಡಿಸಿದಳು. ಕಷಾಯ ಹಿಡಿಯಿತು ಎಂದುಕೊಂಡ. ಹಾಸಿನ ನೂಲಿಗೆ ಹಾಕುವ ಗಂಜಿ ತೆಳ್ಳಗಿದ್ದರೆ ಎಳೆ ಹರಿಯುತ್ತದೆ, ಗಟ್ಟಿ ಮಾಡಿದರೆ ನಿಲ್ಲುತ್ತದೆ. ನೇಕಾರನಿಗೆ ಗೊತ್ತಿರುವ ಮಾತು. ಕಷಾಯವನ್ನೂ ಹಾಗೆಯೇ ಗಟ್ಟಿ ಮಾಡಿದ. ಒಂದು ಹಿಡಿಯ ಜಾಗದಲ್ಲಿ ಮೂರು ಹಿಡಿ, ಎರಡು ಹೊತ್ತು.

ಹತ್ತು ದಿನ ಕಳೆದು ಒಂದು ಬೆಳಿಗ್ಗೆ ರುಕ್ಮಣಿಯ ದಿಂಬೆಲ್ಲ ಕೆಂಪು. ಮೂಗು, ಒಸಡು ಎರಡರಲ್ಲೂ ರಕ್ತ. ತೋಳಿನ ತುಂಬ ನೀಲಿ ಕಲೆ. ಎದುರುಮನೆಯ ಇಲಕ್ಕಿಯಾ ಓಡಿಬಂದಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಒಲೆಯ ಮೇಲಿನ ಪಾತ್ರೆ ನೋಡಿದ ಕೂಡಲೇ ಅವಳಿಗೆ ತಿಳಿಯಿತು. ತಮಿಳಿನಲ್ಲಿ ಗದರಿದಳು:

"ಅತ್ತೆಗೆ ರತ್ತ ತೆಳ್ಳಗಾಗೋ ಮಾತ್ರೆ ತಿಂಗ್ಳು ತಿಂಗ್ಳು ನಾನೇ ತಂದ್ಕೊಡ್ತೀನಲ್ಲ ಮಾಮ, ಈ ಎಲೇನೂ ಅದೇ ಕೆಲ್ಸ ಮಾಡುತ್ತೆ. ನನ್ನ ಒಂದ್ ಮಾತು ಕೇಳ್ಬಾರ್ದಾ?"

"ಎಲೆ ತಾನೆ ಅಂದ್ಕೊಂಡೆ, ಮಗಳೇ."

"ಎಕ್ಕದ್ದೂ ಎಲೆ ತಾನೆ. ಅದ್ನ ಕುಡಿಸ್ತಿದ್ರಾ?"

ಕೋವೈನ ಆಸ್ಪತ್ರೆಯಲ್ಲಿ ಐದು ದಿನ ಇದ್ದರು. ಡಾಕ್ಟರ್ ಬೈಯಲಿಲ್ಲ. ಮಾತ್ರೆ ಮಾಡುವಾಗ ಎಲೆಯ ನಂಜನ್ನು ತೆಗೆಯುತ್ತಾರೆ, ಬರೀ ಎಲೆಯಲ್ಲಿ ಅದು ಹಾಗೇ ಇರುತ್ತದೆ ಎಂದರು. ಹಾಗಾದರೆ ಮಾತ್ರೆಯನ್ನೇ ಕೊಡಲೇ ಎಂದು ಗೋಪಾಲಸಾಮಿ ಕೇಳಿದ. ಇವಳಿಗೆ ಅದೂ ಆಗದು, ಹೋದ ನೆನಪನ್ನು ಅದು ತರುವುದೂ ಇಲ್ಲ ಎಂದರು. ಎಳೆ ಕೂಡಿಸಿದಳಲ್ಲ ಎಂದ. ಕೈಗೆ ರೂಢಿಯಾದದ್ದು ಎಲ್ಲಕ್ಕಿಂತ ಕೊನೆಗೆ ಹೋಗುತ್ತದೆ, ಅದು ಕಷಾಯದ ಗುಣವಲ್ಲ ಎಂದರು.

ಊರಿಗೆ ಬಂದು ಉಳಿದ ಎಲೆಯನ್ನು ಗುಂಡಿಗೆ ಸುರಿದು ಮಣ್ಣು ಮುಚ್ಚಿದ. ಸಂಜೆ ತಟ್ಟೆಯ ಮುಂದೆ ಕೂತ ರುಕ್ಮಣಿ ಅವನನ್ನೇ ನೋಡುತ್ತಿದ್ದು, ಮೆಲ್ಲಗೆ ಹೇಳಿದಳು:

"ಹೊತ್ತಾಯ್ತು ಅಣ್ಣಾ. ನಿಮ್ಮನೇಲಿ ಕಾಯ್ತಿರ್ತಾರೆ, ಹೋಗಿ."

"ಹೋಗ್ತೀನಮ್ಮ, ನೀನು ಉಣ್ಣು," ಎಂದ.

ಹೆಂಡತಿಯ ಜೀವ ಉಳಿಯಿತು. ನಲವತ್ತು ವರ್ಷ ಅವನನ್ನು ಬಲ್ಲವಳು ಮಾತ್ರ ಹೋದಳು, ಇನ್ನು ಬರುವುದಿಲ್ಲ.